ಮೊದಲ ವರ್ಷದ ತಪಸ್ಸು: ನಿಕೋಲಾ ಟೆಸ್ಲಾನ ವಿದ್ಯಾರ್ಥಿ ಜೀವನ

ಹಳ್ಳಿಯ ಶಾಲೆಯಲ್ಲಿ ಮೊದಲಿಗನೆನಿಸಿಕೊಂಡ ಹುಡುಗನು ಇಂಜಿನಿಯರಿಂಗ್ ಕಾಲೇಜಿನ ಹೆಬ್ಬಾಗಿಲನ್ನು ಹೊಕ್ಕ ದಿನವೇ ತಾನು ನೂರರಲ್ಲಿ ಒಬ್ಬನೆಂಬುದನ್ನು ಅರಿಯುತ್ತಾನೆ. ಊರು ಹೊಸದು, ಊಟ ಹೊಸದು, ಪಾಠದ ಭಾಷೆಯೂ ಹಲವು ವೇಳೆ ಹೊಸದು. ಬೆಳಗಿನ ಜಾವ ಎಬ್ಬಿಸುವ ತಾಯಿ ಇಲ್ಲ. ತಪ್ಪಿದಾಗ ಕಿವಿ ಹಿಂಡುವ ಗುರುಗಳಿಲ್ಲ. ಆ ಒಂದು ವರ್ಷದಲ್ಲಿ ಕೆಲವರು ಅರಳುತ್ತಾರೆ, ಕೆಲವರು ಬಾಡುತ್ತಾರೆ. ಕೆಲವರು ಅರಳಿದಂತೆ ತೋರಿ ಒಳಗೊಳಗೇ ಬಳಲುತ್ತಾರೆ. ಹೊರಗಿನವರ ಕಣ್ಣಿಗೆ ಬೀಳದಿರುವುದು ಈ ಮೂರನೆಯ ಬಗೆಯೇ. ಲೋಕಕ್ಕೆ ಬೆಳಕಿತ್ತ ವಿಜ್ಞಾನಿ ನಿಕೋಲಾ ಟೆಸ್ಲಾನ ವಿದ್ಯಾರ್ಥಿ ಜೀವನವು ಈ ಮೂರೂ ಅವಸ್ಥೆಗಳನ್ನು ಒಂದೇ ಬಾಳಿನಲ್ಲಿ ಕಂಡಿತು. ಆತನ ಆವಿಷ್ಕಾರಗಳನ್ನು ಕುರಿತು ಬರೆದವರು ಬಹುಮಂದಿ. ಆತನು ವಿದ್ಯಾರ್ಥಿಯಾಗಿ ಪಟ್ಟ ಪಾಡನ್ನು ಗುರುಗಳೂ ಪೋಷಕರೂ ದಾನಿಗಳೂ ಅರಿತಿರುವುದು ಒಳಿತು.

ಟೆಸ್ಲಾ ಜನಿಸಿದುದು ೧೮೫೬ರ ಜುಲೈ ೧೦ರಂದು, ಸ್ಮಿಲ್ಯಾನ್ ಎಂಬ ಪುಟ್ಟ ಗ್ರಾಮದಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಗಡಿ ಪ್ರಾಂತ; ಇಂದು ಕ್ರೊಯೇಷಿಯಾ ದೇಶಕ್ಕೆ ಸೇರಿದೆ. ತಂದೆ ಮಿಲೂಟಿನ್ ಟೆಸ್ಲಾ ಸರ್ಬ್ ಜನಾಂಗದ ಆರ್ಥೊಡಾಕ್ಸ್ ಕ್ರೈಸ್ತ ಪುರೋಹಿತರು, ಗ್ರಂಥಪ್ರಿಯರು. ತಾಯಿ ಜೂಕಾ ಅಕ್ಷರ ಕಲಿತವರಲ್ಲ. ಆದರೆ ಜನಪದ ಮಹಾಕಾವ್ಯಗಳ ಸಾವಿರಾರು ಸಾಲುಗಳು ಅವರ ಕಂಠದಲ್ಲಿದ್ದವು. ಮನೆವಾರ್ತೆಗೆ ಬೇಕಾದ ಸಣ್ಣಪುಟ್ಟ ಸಾಧನಗಳನ್ನು ತಾವೇ ಯೋಚಿಸಿ ಮಾಡಿಕೊಳ್ಳುತ್ತಿದ್ದರು. ಮುಂಜಾವಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದರು. ತನ್ನ ಕಲ್ಪನಾಶಕ್ತಿ ತಾಯಿಯಿಂದ ಬಂದ ಬಳುವಳಿಯೆಂದು ಟೆಸ್ಲಾ ವೃದ್ಧಾಪ್ಯದಲ್ಲಿಯೂ ಸ್ಮರಿಸುತ್ತಿದ್ದನು. ಆತನು ಇನ್ನೂ ಚಿಕ್ಕವನಿದ್ದಾಗ ಹಿರಿಯ ಮಗ ದಾನೆ ಕುದುರೆಯ ಅಪಘಾತದಲ್ಲಿ ತೀರಿಕೊಂಡನು. ಬಹು ಜಾಣನಾಗಿದ್ದ ಆ ಅಣ್ಣನ ನೆನಪು ಮನೆಯನ್ನು ಬಿಡಲಿಲ್ಲ. ಕಿರಿಯವನು ಏನು ಸಾಧಿಸಿದರೂ ತಂದೆತಾಯಿಗಳ ಅಗಲಿಕೆಯ ನೋವೇ ಮತ್ತಷ್ಟು ತೀವ್ರವಾಗುತ್ತಿತ್ತು. ಹೀಗಾಗಿ ತನ್ನಲ್ಲಿ ತನಗೆ ನಂಬಿಕೆಯಿಲ್ಲದೆಯೇ ಬಾಲಕನು ಬೆಳೆದನು. ಹೆತ್ತವರನ್ನು ಮೆಚ್ಚಿಸಬೇಕೆಂಬ ಹಂಬಲವು ಆತನ ಮನಸ್ಸಿನಲ್ಲಿ ಬೇರೂರಿತು.

೧೮೭೦ರಲ್ಲಿ ಪ್ರೌಢ ವ್ಯಾಸಂಗಕ್ಕಾಗಿ ಕಾರ್ಲೋವಾಟ್ಸ್ ಎಂಬ ಪಟ್ಟಣಕ್ಕೆ ಹೋಗಿ ಬಂಧುಗಳ ಮನೆಯಲ್ಲಿ ನೆಲೆಸಿದನು. ಹುಡುಗನು ಸೂಕ್ಷ್ಮ ಪ್ರಕೃತಿಯವನೆಂದು ಬಗೆದ ಅತ್ತೆ ಆತನಿಗೆ ಹಕ್ಕಿಗೆ ಗುಟುಕು ಹಾಕಿದಂತೆ ಅಳೆದು ಬಡಿಸುತ್ತಿದ್ದರು. ಭೋಜನ ರುಚಿಕರವಾಗಿದ್ದರೂ ಹೊಟ್ಟೆ ತುಂಬುತ್ತಿರಲಿಲ್ಲ. ತಗ್ಗು ಪ್ರದೇಶದ ಆ ಊರಿನಲ್ಲಿ ಮಲೇರಿಯಾ ಜ್ವರವೂ ಅಂಟಿಕೊಂಡಿತು. ಕ್ವಿನೈನ್ ನುಂಗುತ್ತಲೇ ಓದು ಸಾಗಬೇಕಾಯಿತು. ಇಷ್ಟರ ನಡುವೆಯೂ ಭೌತಶಾಸ್ತ್ರದ ಅಧ್ಯಾಪಕರು ತಾವೇ ರಚಿಸಿದ ಉಪಕರಣಗಳಿಂದ ತೋರಿಸುತ್ತಿದ್ದ ಪ್ರಯೋಗಗಳು ಆತನನ್ನು ಸೆರೆಹಿಡಿದವು. ನಾಲ್ಕು ವರ್ಷಗಳ ಪಾಠಕ್ರಮವನ್ನು ಮೂರೇ ವರ್ಷಗಳಲ್ಲಿ ಮುಗಿಸಿ ೧೮೭೩ರಲ್ಲಿ ತೇರ್ಗಡೆಯಾದನು.

ಮಗನು ತಮ್ಮಂತೆಯೇ ಪುರೋಹಿತನಾಗಬೇಕೆಂಬುದು ತಂದೆಯ ಸಂಕಲ್ಪ. ಯಂತ್ರಗಳ ಕನಸು ಕಾಣುತ್ತಿದ್ದ ಮಗನಿಗೆ ಆ ಮಾತು ಎದೆಯ ಮೇಲಿನ ಕಲ್ಲಾಯಿತು. ಊರಿಗೆ ಮರಳಿದ ಕೂಡಲೇ ಆತನಿಗೆ ಕಾಲರಾ ತಗುಲಿತು. ಒಂಬತ್ತು ತಿಂಗಳು ಹಾಸಿಗೆ ಹಿಡಿದನು. ವೈದ್ಯರು ಆಸೆ ಬಿಟ್ಟರು. ಪ್ರಾಣ ಹೋಗುವಂತಿದ್ದ ಘಳಿಗೆಯಲ್ಲಿ, ತಾಂತ್ರಿಕ ವಿದ್ಯೆ ಕಲಿಯಲು ಅನುಮತಿಯಿತ್ತರೆ ತಾನು ಉಳಿದೇನೆಂದು ಮಗನು ತಂದೆಗೆ ತಿಳಿಸಿದನು. ಲೋಕದ ಅತ್ಯುತ್ತಮ ತಾಂತ್ರಿಕ ವಿದ್ಯಾಲಯಕ್ಕೆ ಕಳುಹಿಸುವೆನೆಂದು ತಂದೆ ವಚನವಿತ್ತರು. ಮಗನು ಚೇತರಿಸಿಕೊಂಡನು. ಆರೋಗ್ಯ ಕೂಡಿ ಬರಲೆಂದು ಬಹುಕಾಲ ಬೆಟ್ಟಗಾಡಿನಲ್ಲಿ ಅಲೆದಾಡಿದನು. ಬಳಿಕ ಪುರೋಹಿತರು ಕೊಟ್ಟ ಮಾತನ್ನು ನಡೆಸಿಕೊಟ್ಟರು.

೧೮೭೫ರಲ್ಲಿ ಟೆಸ್ಲಾ ಆಸ್ಟ್ರಿಯಾದ ಗ್ರಾಟ್ಸ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಆಗ ಆತನಿಗೆ ಹತ್ತೊಂಬತ್ತು ವಯಸ್ಸು. ಗಡಿ ಪ್ರಾಂತದ ಸೈನಿಕ ಆಡಳಿತವು ನೀಡುತ್ತಿದ್ದ ವಿದ್ಯಾರ್ಥಿ ವೇತನವೇ ಆತನ ಆಧಾರ. ಬಡ ಪುರೋಹಿತರ ಮನೆಯಿಂದ ಬಂದವನಿಗೆ ಆ ಹಣವಿಲ್ಲದೆ ಗ್ರಾಟ್ಸಿನ ಬಾಗಿಲು ತೆರೆಯುವಂತಿರಲಿಲ್ಲ. ಮನೆಯ ಮಾತು ಸರ್ಬಿಯನ್, ಪಾಠದ ಭಾಷೆ ಜರ್ಮನ್. ಕಾರ್ಲೋವಾಟ್ಸಿನಲ್ಲಿ ಜರ್ಮನ್ ಭಾಷೆಯಲ್ಲಿಯೇ ಪಾಠ ಕೇಳಿದ್ದುದರಿಂದ ಆ ತೊಡಕು ಆತನನ್ನು ಅಷ್ಟಾಗಿ ಬಾಧಿಸಲಿಲ್ಲ. ಬಾಧಿಸಿದುದು ಬೇರೊಂದು ಭಾರ: ಪೌರೋಹಿತ್ಯದ ಆಸೆಯನ್ನು ತೊರೆದು ತನ್ನನ್ನು ಕಳುಹಿಸಿದ ತಂದೆಯ ನಿರ್ಣಯವು ಸರಿಯಾದುದೆಂದು ತೋರಿಸಿಕೊಡಬೇಕೆಂಬ ಭಾರ.

ಆ ಮೊದಲ ವರ್ಷ ಆತನು ನಡೆಸಿದ ವ್ಯಾಸಂಗವನ್ನು ತಪಸ್ಸೆಂದೇ ಕರೆಯಬೇಕು. ಬೆಳಗಿನ ಜಾವ ಮೂರು ಗಂಟೆಗೆ ಪುಸ್ತಕ ಹಿಡಿದರೆ ರಾತ್ರಿ ಹನ್ನೊಂದರವರೆಗೆ ಕೆಳಗಿಡುತ್ತಿರಲಿಲ್ಲ. ಭಾನುವಾರವಿಲ್ಲ, ಹಬ್ಬಹರಿದಿನಗಳಿಲ್ಲ. ಒಂದು ದಿನವೂ ತರಗತಿಯನ್ನು ತಪ್ಪಿಸಲಿಲ್ಲ. ಸಹಪಾಠಿಗಳಲ್ಲಿ ಹೆಚ್ಚಿನವರು ಮೊದಲ ವರ್ಷವನ್ನು ಹಗುರವಾಗಿ ಕಳೆಯುತ್ತಿದ್ದರೆ, ಈತನು ಆ ವರ್ಷ ಒಂಬತ್ತು ಪರೀಕ್ಷೆಗಳಿಗೆ ಕುಳಿತು ಒಂಬತ್ತರಲ್ಲಿಯೂ ಉನ್ನತ ಶ್ರೇಣಿ ಪಡೆದನು. ನಿಯಮದಂತೆ ಬೇಕಾಗಿದ್ದುದಕ್ಕಿಂತ ಇದು ಸುಮಾರು ಇಮ್ಮಡಿ. ಇರುವ ಅತ್ಯುನ್ನತ ಶ್ರೇಣಿಯೂ ಈ ಹುಡುಗನಿಗೆ ಕಡಿಮೆಯೆಂದು ಪ್ರಾಧ್ಯಾಪಕರು ಭಾವಿಸಿದರು.

ಆ ಪ್ರಾಧ್ಯಾಪಕರಲ್ಲಿ ಮೂವರನ್ನು ಟೆಸ್ಲಾ ಜೀವನಪರ್ಯಂತ ಗೌರವದಿಂದ ನೆನೆದನು. ಅಂಕಗಣಿತ, ರೇಖಾಗಣಿತಗಳನ್ನು ಕಲಿಸಿದವರು ರೋಗ್ನರ್. ಭೌತಶಾಸ್ತ್ರದ ಪೀಠದಲ್ಲಿದ್ದವರು ಪೋಷ್ಲ್. ಮೂರನೆಯವರಾದ ಡಾ. ಆಲೆ ಕಲನಶಾಸ್ತ್ರದ ಅಧ್ಯಾಪಕರು. ಅವರಷ್ಟು ಸೊಗಸಾಗಿ ಪಾಠ ಹೇಳುವವರನ್ನು ತಾನು ಬೇರೆ ಕಂಡಿಲ್ಲವೆಂಬುದು ಟೆಸ್ಲಾನ ಅಭಿಪ್ರಾಯ. ತರಗತಿ ಮುಗಿದು ಉಳಿದವರೆಲ್ಲ ಹೋದ ಮೇಲೆ ಡಾ. ಆಲೆ ಒಂದೆರಡು ಗಂಟೆ ಅಲ್ಲಿಯೇ ನಿಂತು ಈ ಶಿಷ್ಯನಿಗಾಗಿ ಹೊಸ ಹೊಸ ಸಮಸ್ಯೆಗಳನ್ನು ಕೊಟ್ಟು ಬಿಡಿಸಲು ಹಚ್ಚುತ್ತಿದ್ದರು. ಈತನು ಹಾರುವ ಯಂತ್ರವೊಂದರ ಕಲ್ಪನೆಯನ್ನು ಅವರ ಮುಂದಿಟ್ಟಾಗ ಅವರು ನಗದೆ ಕೇಳಿದರು. ವೇಳಾಪಟ್ಟಿಯಲ್ಲಿ ಬರೆದಿಲ್ಲದ, ಸಂಬಳದ ಲೆಕ್ಕಕ್ಕೆ ಸೇರದ ಆ ಒಂದೆರಡು ಗಂಟೆಗಳೇ ಪರವೂರಿನ ಹುಡುಗನಿಗೆ ವಿದ್ಯಾಲಯವನ್ನು ಮನೆಯಾಗಿಸಿದವು. ಗುರುಗಳು ಮಾಡುವ ದಾಸೋಹವೆಂದರೆ ಇದೇ ಅಲ್ಲವೆ?

ವರ್ಷದ ಕೊನೆಗೆ ಪ್ರಾಧ್ಯಾಪಕರಿತ್ತ ಪ್ರಶಂಸಾ ಪತ್ರಗಳನ್ನು ಹೊತ್ತು ಟೆಸ್ಲಾ ಊರಿಗೆ ಧಾವಿಸಿದನು. ತಂದೆ ಎದೆಗವಚಿಕೊಂಡಾರೆಂದು ಹಾದಿಯುದ್ದಕ್ಕೂ ಕನಸು ಕಂಡಿದ್ದನು. ಆದರೆ ತಂದೆ ಆ ಪತ್ರಗಳಿಗೆ ಹೆಚ್ಚಿನ ಬೆಲೆ ಕೊಡಲಿಲ್ಲ. ಹಗುರವಾಗಿ ಮಾತನಾಡಿ ಮುಗಿಸಿಬಿಟ್ಟರು. ವರ್ಷವಿಡೀ ನಿದ್ರೆಗೆಟ್ಟು ಗಳಿಸಿದುದು ಒಂದು ಕ್ಷಣದಲ್ಲಿ ಬೂದಿಯಾದಂತೆ ಮಗನಿಗೆ ಅನಿಸಿತು. ಸಾಧಿಸಬೇಕೆಂಬ ಹುಮ್ಮಸ್ಸೇ ಸತ್ತುಹೋಗುವುದರಲ್ಲಿತ್ತು.

ಇದರ ಒಳಗುಟ್ಟು ತಿಳಿದುದು ಬಹು ತಡವಾಗಿ. ತಂದೆ ತೀರಿಹೋದ ಮೇಲೆ ಆತನ ಕೈಗೆ ಕಾಗದಗಳ ಒಂದು ಕಟ್ಟು ಸಿಕ್ಕಿತು. ಗ್ರಾಟ್ಸಿನ ಪ್ರಾಧ್ಯಾಪಕರು ತಂದೆಗೆ ಬರೆದ ಪತ್ರಗಳವು. ಹುಡುಗನು ಮಿತಿಮೀರಿ ದುಡಿಯುತ್ತಿದ್ದಾನೆ, ಕೂಡಲೇ ವಿದ್ಯಾಲಯದಿಂದ ಬಿಡಿಸಿ ಕರೆದೊಯ್ಯದಿದ್ದರೆ ಪ್ರಾಣಕ್ಕೆ ಅಪಾಯವಿದೆ ಎಂದು ಅವುಗಳಲ್ಲಿ ಎಚ್ಚರಿಸಿದ್ದರು. ಕಾಲರಾದ ಹಾಸಿಗೆಯಲ್ಲಿ ಮಗನನ್ನು ಕಂಡಿದ್ದ, ಹಿರಿಯ ಮಗನನ್ನು ಕಳೆದುಕೊಂಡಿದ್ದ ತಂದೆಯ ಎದೆ ಆ ಪತ್ರಗಳನ್ನು ಓದಿ ಎಷ್ಟು ನಡುಗಿರಬೇಕು! ಹೊಗಳಿದರೆ ಮಗನು ಇನ್ನಷ್ಟು ದುಡಿದಾನೆಂಬ ಅಂಜಿಕೆಯಿಂದಲೇ ಅವರು ಮೌನ ತಾಳಿದರೆಂದು ಊಹಿಸಬಹುದು. ಪ್ರೀತಿಯಿತ್ತು, ಆದರೆ ಅದು ಮಾತಾಗಲಿಲ್ಲ. ಗುರುಗಳಲ್ಲಿ ಕಳಕಳಿಯಿತ್ತು, ಅದು ತಲುಪಬೇಕಾದವನನ್ನೇ ತಲುಪಲಿಲ್ಲ. ಮೂವರೂ ಒಳ್ಳೆಯವರೇ ಆಗಿದ್ದು, ನಡುವೆ ಸಿಕ್ಕ ಎಳೆಯ ಜೀವವೊಂದು ಗಾಯಗೊಂಡಿತು. ಪರಸ್ಥಳದಲ್ಲಿ ಓದುವ ಮಕ್ಕಳನ್ನು ಉಳ್ಳ ತಂದೆತಾಯಿಗಳೂ, ಅವರ ಅಧ್ಯಾಪಕರೂ ಈ ಪ್ರಸಂಗವನ್ನು ಮತ್ತೆ ಮತ್ತೆ ಮನನ ಮಾಡಬೇಕು.

ಎರಡನೆಯ ವರ್ಷ ಟೆಸ್ಲಾನ ಬಾಳಿನ ಮಹತ್ತರ ಪ್ರಶ್ನೆ ಆತನೆದುರು ಬಂದು ನಿಂತಿತು. ಪ್ಯಾರಿಸಿನಿಂದ ತರಿಸಿದ ಗ್ರಾಂ ಡೈನಮೋವನ್ನು ಪೋಷ್ಲ್ ಅವರು ತರಗತಿಯಲ್ಲಿ ನಡೆಸಿ ತೋರಿಸುತ್ತಿದ್ದರು. ಆ ಯಂತ್ರದಲ್ಲಿ ವಿದ್ಯುತ್ ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸಲು ಕಮ್ಯುಟೇಟರ್ ಎಂಬ ಭಾಗವೂ ಅದಕ್ಕೆ ಉಜ್ಜುವ ಬ್ರಷ್ಷುಗಳೂ ಇದ್ದವು. ಉಜ್ಜುವೆಡೆಯಲ್ಲಿ ಕಿಡಿಗಳು ಚಿಮ್ಮುತ್ತಿದ್ದವು. ಈ ಭಾಗವಿಲ್ಲದೆಯೇ ಮೋಟಾರನ್ನು ನಡೆಸಬಾರದೇಕೆಂದು ಟೆಸ್ಲಾ ಕೇಳಿದನು. ಪೋಷ್ಲ್ ಅವರು ಒಂದು ಇಡೀ ಉಪನ್ಯಾಸವನ್ನೇ ಇದಕ್ಕೆ ಮೀಸಲಿಟ್ಟು, ಟೆಸ್ಲಾ ಮುಂದೆ ದೊಡ್ಡ ಕಾರ್ಯಗಳನ್ನು ಮಾಡಿಯಾನು, ಆದರೆ ಇದನ್ನು ಮಾತ್ರ ಎಂದಿಗೂ ಮಾಡಲಾರನೆಂದು ವಿದ್ಯಾರ್ಥಿಗಳೆದುರು ಸಾರಿದರು. ಗುರುಗಳ ವಿದ್ವತ್ತಿಗೆ ಮಣಿದು ಶಿಷ್ಯನು ಕೆಲಕಾಲ ಸುಮ್ಮನಾದನು. ಆದರೆ ಸಾಧ್ಯವಿದೆಯೆಂಬ ಒಳದನಿ ಅಡಗಲಿಲ್ಲ. ಇಲ್ಲಿ ಗುರುನಿಂದೆಗೆ ಎಡೆಯಿಲ್ಲ. ಪ್ರಶ್ನೆಯನ್ನು ತಳ್ಳಿಹಾಕದೆ ಒಂದು ಗಂಟೆ ಚರ್ಚಿಸಿದ ಗುರುಗಳು ಅದನ್ನು ಶಿಷ್ಯನ ಮನಸ್ಸಿನಲ್ಲಿ ಇನ್ನಷ್ಟು ಆಳವಾಗಿ ನೆಟ್ಟರು.

ಇಲ್ಲಿಂದ ಮುಂದಿನ ಕಥೆ ದುಃಖದ್ದು. ಆಧಾರವಾಗಿದ್ದ ವಿದ್ಯಾರ್ಥಿ ವೇತನವು ಕೈತಪ್ಪಿತು. ಸರ್ಬ್ ಜನರ ವಿದ್ಯಾ ಸಂಸ್ಕೃತಿಗಳಿಗಾಗಿ ಸ್ಥಾಪಿತವಾಗಿದ್ದ ಮಾತಿತ್ಸಾ ಸರ್ಪ್ಸ್ಕಾ ಎಂಬ ಸಂಸ್ಥೆಗೆ ಆತನು ೧೮೭೬ರಲ್ಲಿಯೂ ೧೮೭೮ರಲ್ಲಿಯೂ ನೆರವು ಕೋರಿ ಬರೆದುಕೊಂಡನು. ಎರಡು ಬಾರಿಯೂ ಫಲ ದೊರೆಯಲಿಲ್ಲ. ಮೊದಲ ವರ್ಷ ಇಪ್ಪತ್ತು ಗಂಟೆ ದುಡಿದ ಹುಡುಗನು ಈಗ ಇಸ್ಪೀಟು, ಬಿಲಿಯರ್ಡ್ಸ್ ಆಟಗಳ ಮೇಜಿಗೆ ಅಂಟಿಕೊಂಡನು. ಜೂಜಿನಲ್ಲಿ ಹಣ ಕಳೆದನು. ಪರೀಕ್ಷೆಗೆ ಸಿದ್ಧನಾಗಲಿಲ್ಲ. ೧೮೭೮ರ ಡಿಸೆಂಬರಿನಲ್ಲಿ ಪದವಿಯಿಲ್ಲದೆಯೇ ಗ್ರಾಟ್ಸನ್ನು ತೊರೆದು, ಮನೆಯವರಿಗೂ ತಿಳಿಸದೆ ಕಣ್ಮರೆಯಾದನು. ಮೂರ್ ನದಿಯಲ್ಲಿ ಮುಳುಗಿ ಸತ್ತನೆಂದೇ ಗೆಳೆಯರು ಭಾವಿಸಿದರು.

ಆತನು ಮಾರಿಬೋರ್ ಎಂಬ ಊರಿನಲ್ಲಿ ನಕ್ಷೆ ಬರೆಯುವ ಚಾಕರಿ ಹಿಡಿದಿದ್ದನು. ತಿಂಗಳಿಗೆ ೬೦ ಫ್ಲಾರಿನ್ ಸಂಬಳ. ಸುಳಿವು ತಿಳಿದು ಬಂದ ತಂದೆ ಮನೆಗೆ ಮರಳಬೇಕೆಂದು ಬೇಡಿಕೊಂಡರು, ಮಗನು ಒಪ್ಪಲಿಲ್ಲ. ೧೮೭೯ರ ಮಾರ್ಚ್ ತಿಂಗಳಲ್ಲಿ ವಾಸದ ಪರವಾನಗಿ ಇಲ್ಲವೆಂಬ ಕಾರಣದಿಂದ ಅಧಿಕಾರಿಗಳು ಆತನನ್ನು ಕಾವಲಿನಲ್ಲಿ ಊರಿಗೆ ಸಾಗಹಾಕಿದರು. ಕೆಲವೇ ವಾರಗಳಲ್ಲಿ, ಏಪ್ರಿಲ್ ೧೭ರಂದು, ತಂದೆ ತೀರಿಕೊಂಡರು. ಮೆಚ್ಚಿಸಬೇಕೆಂದು ಹಂಬಲಿಸಿದ ಆ ತಂದೆಯ ಕೊನೆಯ ದಿನಗಳು ಮಗನ ಚಿಂತೆಯಲ್ಲಿಯೇ ಕಳೆದವು.

ಆತನನ್ನು ಜೂಜಿನ ಕೆಸರಿನಿಂದ ಮೇಲೆತ್ತಿದುದು ತಾಯಿ. ತಂದೆಯಂತೆ ಅವರು ಬುದ್ಧಿ ಹೇಳಲಿಲ್ಲ, ಗದರಿಸಲಿಲ್ಲ. ಇದ್ದುದನ್ನೆಲ್ಲ ಸೋತು ಬಂದ ಒಂದು ದಿನ ನೋಟುಗಳ ಸುರುಳಿಯೊಂದನ್ನು ಮಗನ ಕೈಗಿತ್ತು, ಹೋಗಿ ಆಡಿ ಬರುವಂತೆ ಹೇಳಿದರು. ಮನೆಯಲ್ಲಿರುವುದೆಲ್ಲ ಬೇಗನೆ ಹೋದಷ್ಟೂ ಒಳ್ಳೆಯದು, ಈ ಚಟವನ್ನು ನೀನು ಗೆದ್ದೇ ಗೆಲ್ಲುವೆ ಎಂಬ ಭಾವದ ಮಾತಾಡಿದರು. ಆ ನಂಬಿಕೆಯ ಮುಂದೆ ಚಟ ನಿಲ್ಲಲಿಲ್ಲ. ಅಂದೇ ಅದನ್ನು ಬೇರುಸಹಿತ ಕಿತ್ತೊಗೆದೆನೆಂದು ಟೆಸ್ಲಾ ಬರೆದುಕೊಂಡಿದ್ದಾನೆ. ಅಕ್ಷರವರಿಯದ ತಾಯಿಯ ಅನುಭಾವ ಅದು.

೧೮೮೦ರಲ್ಲಿ ಸೋದರಮಾವಂದಿರು ಹಣ ಕೂಡಿಸಿ ಆತನನ್ನು ಪ್ರಾಗ್ ನಗರಕ್ಕೆ ಕಳುಹಿಸಿದರು. ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಸೇರುವ ಅವಧಿ ಮೀರಿತ್ತು. ಕಡ್ಡಾಯವಾಗಿದ್ದ ಗ್ರೀಕ್ ಭಾಷೆಯನ್ನು ಆತನು ಕಲಿತಿರಲಿಲ್ಲ. ಆದರೂ ಹಿಂದಿನ ಬೆಂಚಿನ ಶ್ರೋತೃವಾಗಿ ಉಪನ್ಯಾಸಗಳನ್ನು ಕೇಳಿದನು. ಮರುವರ್ಷ ಬುಡಾಪೆಸ್ಟಿನ ದೂರವಾಣಿ ಕೇಂದ್ರದಲ್ಲಿ ಕೆಲಸ ದೊರೆಯಿತು. ೧೮೮೨ರಲ್ಲಿ ಆ ನಗರದ ಉದ್ಯಾನವೊಂದರಲ್ಲಿ ಗೆಳೆಯನೊಡನೆ ಸಂಜೆ ತಿರುಗಾಡುತ್ತಿದ್ದಾಗ, ಗ್ರಾಟ್ಸಿನ ತರಗತಿಯ ಪ್ರಶ್ನೆಗೆ ಉತ್ತರ ಮಿಂಚಿನಂತೆ ಹೊಳೆಯಿತು. ಕಡ್ಡಿಯಿಂದ ಮರಳಿನ ಮೇಲೆ ನಕ್ಷೆ ಬರೆದು ಗೆಳೆಯನಿಗೆ ವಿವರಿಸಿದನು. ಪರ್ಯಾಯ ವಿದ್ಯುತ್ ಪ್ರವಾಹಗಳನ್ನು ಒಂದರ ಹಿಂದೊಂದು ಹೆಜ್ಜೆಯಿಡುವಂತೆ ಸುರುಳಿಗಳಲ್ಲಿ ಹರಿಸಿದರೆ ಕಾಂತಕ್ಷೇತ್ರವೇ ಸುತ್ತತೊಡಗುತ್ತದೆ. ಅದರ ಸೆಳೆತಕ್ಕೆ ನಡುವಿನ ಚಕ್ರವೂ ತಿರುಗುತ್ತದೆ. ಕಮ್ಯುಟೇಟರ್ ಬೇಡ, ಬ್ರಷ್ಷು ಬೇಡ, ಕಿಡಿಯೂ ಇಲ್ಲ. ಎಂದಿಗೂ ಆಗದೆಂದು ಗುರುಗಳು ಸಾರಿದ್ದ ಮೋಟಾರು ಇದೇ.

ಮುಂದಿನದು ಲೋಕವಿದಿತ. ೧೮೮೪ರಲ್ಲಿ ಅಮೆರಿಕೆಗೆ ಹೋದನು. ಅಲ್ಲಿಯೂ ೧೮೮೬-೮೭ರ ಸುಮಾರಿಗೆ ಹೊಟ್ಟೆಪಾಡಿಗಾಗಿ ದಿನಕ್ಕೆರಡು ಡಾಲರ್ ಕೂಲಿಗೆ ಕಾಲುವೆ ಅಗೆದನು. ಆ ಕಾಯಕಕ್ಕೂ ಆತನು ಹಿಂಜರಿಯಲಿಲ್ಲ. ೧೮೮೮ರ ಮೇ ತಿಂಗಳಲ್ಲಿ ಆತನ ಮೋಟಾರಿಗೆ ಪೇಟೆಂಟ್ ಹಕ್ಕುಗಳು ದೊರೆತವು. ವೆಸ್ಟಿಂಗ್‌ಹೌಸ್ ಅವುಗಳನ್ನು ಪಡೆದುಕೊಂಡನು. ಇಟಲಿಯ ಫೆರಾರಿಸ್ ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು. ೧೮೯೬ರಲ್ಲಿ ನಯಾಗರಾ ಜಲಪಾತದ ವಿದ್ಯುತ್ತು ಬಫೆಲೊ ನಗರವನ್ನು ತಲುಪಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಸ್ವಾಮಿ ವಿವೇಕಾನಂದರ ಭೇಟಿಯಾಯಿತು. ೧೯೪೩ರ ಜನವರಿ ೭ರಂದು ನ್ಯೂಯಾರ್ಕಿನ ಹೋಟೆಲೊಂದರ ಕೊಠಡಿಯಲ್ಲಿ ಏಕಾಕಿಯಾಗಿ ಆತನು ಕಣ್ಮುಚ್ಚಿದನು. ೧೯೬೦ರಲ್ಲಿ ಕಾಂತಕ್ಷೇತ್ರದ ಅಳತೆಯ ಮೂಲಮಾನಕ್ಕೆ ಟೆಸ್ಲಾ ಎಂಬ ಹೆಸರನ್ನೇ ಇರಿಸಲಾಯಿತು.

ಆತನ ಉಪಕಾರ ನಮ್ಮ ನಾಡಿಗೂ ಮುಟ್ಟಿದೆ. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೧೯೦೨ರಲ್ಲಿ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುದೂ ಈ ಪರ್ಯಾಯ ವಿದ್ಯುತ್ತಿನ ಮಾರ್ಗದಿಂದಲೇ. ಇಂದು ನಮ್ಮ ರೈತರ ಕೊಳವೆ ಬಾವಿಗಳಿಂದ ನೀರೆತ್ತುವ ತ್ರೀಫೇಸ್ ಪಂಪ್‌ಸೆಟ್ಟಿನೊಳಗೆ ತಿರುಗುವುದು, ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸುವುದು ಆ ಬಗೆಯ ಮೋಟಾರೇ. ಪದವಿ ಪಡೆಯದೆ ವಿದ್ಯಾಲಯವನ್ನು ತೊರೆದ ಹುಡುಗನೊಬ್ಬನ ಋಣ ನಮ್ಮ ಹೊಲಗದ್ದೆಗಳ ಮೇಲಿದೆ.

ಹಾಗೆಂದು ಪದವಿ ಬೇಡವೆಂಬ ಪಾಠವನ್ನು ವಿದ್ಯಾರ್ಥಿಗಳು ಇದರಿಂದ ಕಲಿಯಬಾರದು. ಟೆಸ್ಲಾನಂಥ ಪ್ರತಿಭೆಯೇ ಎಡವಿ, ದಾರಿ ತಪ್ಪಿ, ತಂದೆಯನ್ನು ನೋಯಿಸಿ, ವರ್ಷಗಳನ್ನು ಕಳೆದುಕೊಂಡಿತು. ಎದ್ದು ನಿಂತುದು ತಾಯಿಯ ಬಲದಿಂದ, ಮಾವಂದಿರ ನೆರವಿನಿಂದ. ಅಂಥ ತಾಯಿ, ಅಂಥ ಬಂಧುಗಳು ಎಲ್ಲರಿಗೂ ಇರುವುದಿಲ್ಲ. ಕಾಯಕವೆಂದರೆ ದೇಹವನ್ನು ದಂಡಿಸುವುದಲ್ಲ. ಶರಣರು ಕಾಯಕವನ್ನು ಎತ್ತಿ ಹಿಡಿದರು; ಆ ಕಾಯಕಕ್ಕೆ ಸಾಧನವಾದ ಕಾಯವನ್ನೂ ಅವರು ಹಗುರವಾಗಿ ಕಾಣಲಿಲ್ಲ. ಮೂರು ಗಂಟೆಗೆ ಏಳುವ ಉತ್ಸಾಹವು ವರ್ಷಕ್ಕೇ ಬತ್ತಿಹೋಗುವುದಕ್ಕಿಂತ, ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಎದ್ದು ಕೊನೆಯವರೆಗೂ ನಡೆಯುವ ನಡಿಗೆ ಮೇಲು.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಬಿನ್ನಹವಿದೆ. ಮೊದಲ ವರ್ಷದ ಶುಲ್ಕ ಕಟ್ಟಿ ಹುಡುಗನನ್ನು ಕಾಲೇಜಿನ ಬಾಗಿಲು ಮುಟ್ಟಿಸುವುದು ಪುಣ್ಯದ ಕೆಲಸವೇ ಸರಿ. ಆದರೆ ನಡುದಾರಿಯಲ್ಲಿ ಕೈಬಿಟ್ಟ ನೆರವು ಅರ್ಧ ಕಟ್ಟಿದ ಸೇತುವೆಯಂತೆ. ೧೯೦೬ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ವ್ಯಾಸಂಗಕ್ಕೆ ಮೀಸಲಿಟ್ಟುದು ಒಂದು ವರ್ಷದ ಉಪಕಾರವಾಗಲಿಲ್ಲ. ತಲೆಮಾರುಗಳನ್ನು ನಡೆಸಿದ ನಿಧಿಯಾಯಿತು. ನಮ್ಮ ಮಠಗಳ ಪ್ರಸಾದ ನಿಲಯಗಳು ನಿಂತಿರುವುದೂ ಈ ತತ್ತ್ವದ ಮೇಲೆಯೇ: ಅನ್ನವನ್ನು ಇಕ್ಕಿದ ಕೈ, ಓದು ಮುಗಿಯುವವರೆಗೂ ಇಕ್ಕುತ್ತಿರಬೇಕು. ಇಲ್ಲಿಂದ ಹೊರಟು ದೂರದ ಕಾಲೇಜನ್ನು ಸೇರಿದ ಹುಡುಗನಿಗೆ ಅಧ್ಯಾಪಕರು ಆಗಾಗ ಬರೆಯುವ ಒಂದು ಕಾಗದ, ಆ ಊರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಕರೆದು ಇಕ್ಕುವ ಒಂದು ತುತ್ತು, ದಾನಿಗಳು ಮೂರನೆಯ ವರ್ಷಕ್ಕೂ ಮರೆಯದೆ ಕಳುಹಿಸುವ ವೇತನ, ಇವು ಸಣ್ಣವಲ್ಲ. ಎರಡು ಬಾರಿ ನೆರವು ಕೋರಿ ಬರಿಗೈಯಾದ ಆ ಗ್ರಾಟ್ಸಿನ ವಿದ್ಯಾರ್ಥಿಯನ್ನು ನೆನೆದು, ನಮ್ಮ ಅಂಗಳದ ಒಂದು ಮಗುವೂ ಹಾಗೆ ಕಣ್ಮರೆಯಾಗದಂತೆ ಕಾಯುವ ಹೊಣೆ ನಮ್ಮೆಲ್ಲರದು. ಆ ಹೊಣೆಯನ್ನು ಹೊರುವ ಶಕ್ತಿಯನ್ನು ಗುರುಕರುಣೆಯು ನಮಗೆ ದಯಪಾಲಿಸಲಿ.